ಇಬ್ಬರು ಒಂದಾದರೆ ಮೂರನೆಯವನ ಗತಿ ಏನು? ಮಂಗಗಳ ಮೈತ್ರಿಗೆ ಗಣಿತದ ಮಾದರಿ ಕಟ್ಟುವ ಬಗೆ

ಕಾಸರಗೋಡಿನ ತೋಟದವರಿಗೆ ಮಂಗ ಅಂದರೆ ಮೊದಲು ನೆನಪಾಗುವುದು ನಷ್ಟ. ಎಳೆ ಬೊಂಡ ಕಿತ್ತು ಬಿಸಾಡುತ್ತವೆ. ಕೊಕ್ಕೊ ಹಣ್ಣು ಒಡೆದು ಸಿಪ್ಪೆ ಚೆಲ್ಲುತ್ತವೆ. ಬಾಳೆಗೊನೆ ಬಲಿಯುವ ಮೊದಲೇ ಖಾಲಿ. ಪಟಾಕಿ ಹೊಡೆದು ಓಡಿಸುವ ಗಡಿಬಿಡಿಯಲ್ಲಿ ಆ ಗುಂಪಿನ ಒಳಗೆ ಏನು ನಡೆಯುತ್ತಿದೆ ಅಂತ ನೋಡಲು ಪುರುಸೊತ್ತು ಯಾರಿಗಿದೆ? ಆದರೂ ಒಮ್ಮೆ ಅಂಗಳದ ಬದಿಯಲ್ಲಿ ಸುಮ್ನೆ ಕೂತು ನೋಡಿ. ಬಿದ್ದ ಹಲಸಿನ ಹಣ್ಣಿನ ಹತ್ತಿರ ಎರಡು ಗಂಡುಗಳು ಮುಖಾಮುಖಿ ಆಗುತ್ತವೆ. ಒಂದು ಬಾಯಿ ತೆರೆದು, ಹುಬ್ಬು ಏರಿಸಿ ಹೆದರಿಸುತ್ತದೆ. ಮರುಕ್ಷಣವೇ ತಲೆ ಹೊರಳಿಸಿ ಪಕ್ಕದಲ್ಲಿ ಕೂತ ಮೂರನೆಯ ಮಂಗದ ಮುಖ ನೋಡುತ್ತದೆ. ಮತ್ತೆ ಎದುರಾಳಿಯ ಕಡೆ, ಮತ್ತೆ ಮೂರನೆಯದರ ಕಡೆ. ಅದು ಸಹಾಯಕ್ಕೆ ಕರೆಯುವ ರೀತಿ. ಮೂರನೆಯದು ಎದ್ದು ಬಂದರೆ ಜಗಳದ ಲೆಕ್ಕವೇ ಬದಲಾಗುತ್ತದೆ.

ಆ ಲೆಕ್ಕವನ್ನು ಕಾಗದದ ಮೇಲೆ ಮಾಡುವುದು ಹೇಗೆ ಅಂತ ತೋರಿಸುವುದು ಈ ಬರಹದ ಕೆಲಸ. ಪ್ಲಸ್ ಟು ಮಕ್ಕಳು, ಡಿಗ್ರಿ ಓದುವವರು, ಶಾಲಾ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವಕ್ಕೆ ಹೊಸ ಪ್ರಾಜೆಕ್ಟ್ ಹುಡುಕುತ್ತಿರುವ ಅಧ್ಯಾಪಕರು, ಇವರನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ. ಬೇಕಾಗುವುದು ಒಂದು ನೋಟ್‌ಬುಕ್, ಮತ್ತು ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಕೋಷ್ಟಕ ಲೆಕ್ಕದ ತಂತ್ರಾಂಶ ಇರುವ ಒಂದು ಲ್ಯಾಪ್‌ಟಾಪ್. ನಮ್ಮ ಶಾಲೆಗಳಿಗೆ ಕೇರಳ ಸರ್ಕಾರದ ಕೈಟ್ ಸಂಸ್ಥೆ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಅದು ಮೊದಲೇ ಇದೆ. ಗಣಿತ ಅಂದರೆ ವರ್ಗ, ಘಾತ, ಶೇಕಡಾ. ಅಷ್ಟು ಸಾಕು.

ಮೊದಲ ಹೆಜ್ಜೆ: ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ

"ಮಂಗಗಳ ಸಾಮಾಜಿಕ ಜೀವನಕ್ಕೆ ಮಾದರಿ" ಅಂತ ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಮಾದರಿ ಅನ್ನುವುದು ಒಂದು ಪ್ರಶ್ನೆಗೆ ಉತ್ತರ ಹುಡುಕುವ ಸಾಧನ. ನಮ್ಮ ಪ್ರಶ್ನೆ ಇದು: ಬಲ ಕಡಿಮೆ ಇರುವ ಇಬ್ಬರು ಯಾವಾಗ ಒಟ್ಟಾಗಿ ಬಲಶಾಲಿಯನ್ನು ಎದುರಿಸುತ್ತಾರೆ?

ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು ಜಗಳದ ಹೊತ್ತಿಗೆ ಮಾತ್ರ ಇಬ್ಬರು ಸೇರುವುದು. ಇನ್ನೊಂದು ಅದೇ ಇಬ್ಬರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಬ್ಬರಿಗೊಬ್ಬರು ನಿಲ್ಲುವುದು. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ರಿಚರ್ಡ್ ಕಾನರ್ ಮತ್ತು ಸಂಗಡಿಗರು 1992ರಲ್ಲಿ ವರದಿ ಮಾಡಿದ ಗಂಡು ಡಾಲ್ಫಿನ್‌ಗಳದ್ದು ಎರಡನೆಯ ಬಗೆ. ಅಲ್ಲಿ ಎರಡು ಮೂರು ಗಂಡುಗಳು ಸೇರಿ ಒಂದು ಕೂಟ. ಅಂಥ ಕೂಟಗಳೇ ಇನ್ನೊಂದು ಕೂಟದ ಜೊತೆ ಸೇರಿ ಮೂರನೆಯ ಕೂಟವನ್ನು ಎದುರಿಸುತ್ತವೆ. ನಾವು ಮೊದಲ ಬಗೆಯಿಂದ ಶುರುಮಾಡಿ ಎರಡನೆಯದಕ್ಕೆ ಹೋಗೋಣ. ಉಲ್ಟಾ ಮಾಡಿದರೆ ಕಷ್ಟ.

ಎರಡನೆಯ ಹೆಜ್ಜೆ: ಮೂರೇ ಪ್ರಾಣಿ

ಇಡೀ ಗುಂಪು ಬೇಡ, ಮೂರು ಸಾಕು. ಇಬ್ಬರಿದ್ದರೆ ಮೈತ್ರಿ ಇಲ್ಲ, ಬರೀ ಜಗಳ. ಮೂವರಾದ ಕೂಡಲೇ "ಯಾರು ಯಾರ ಕಡೆ" ಅನ್ನುವ ಪ್ರಶ್ನೆ ಹುಟ್ಟುತ್ತದೆ. ಸಮಾಜಶಾಸ್ತ್ರಜ್ಞ ಥಿಯೊಡೋರ್ ಕ್ಯಾಪ್ಲೋ 1956ರಲ್ಲೇ ಮೂವರ ಗುಂಪಿನ ಕೂಟಗಳ ಬಗ್ಗೆ ಒಂದು ಸಿದ್ಧಾಂತ ಬರೆದ. ಮೂವರಲ್ಲಿ ಎಲ್ಲರಿಗಿಂತ ದುರ್ಬಲನೇ ಕೆಲವೊಮ್ಮೆ ಒಳ್ಳೆಯ ಸ್ಥಾನದಲ್ಲಿರುತ್ತಾನೆ, ಯಾಕೆಂದರೆ ಉಳಿದ ಇಬ್ಬರಿಗೂ ಅವನು ಬೇಕು. ಪ್ರಾಣಿಗಳ ಮೇಲೆ ಇದೇ ಮೂವರ ಆಟವನ್ನು ಮೈಕ್ ಮೆಸ್ಟರ್ಟನ್-ಗಿಬ್ಬನ್ಸ್ ಮತ್ತು ಟಾಮ್ ಶೆರಟ್ 2007ರಲ್ಲಿ ಗಣಿತದ ಆಟವಾಗಿ ಬಿಡಿಸಿದರು.

ನಮ್ಮ ಮೂವರನ್ನು ದೊಡ್ಡವ, ನಡುವಿನವ, ಸಣ್ಣವ ಅಂತ ಕರೆಯೋಣ. ಮೂವರೂ ಬೆಳೆದ ಗಂಡುಗಳೇ, ಬಲದಲ್ಲಿ ಮಾತ್ರ ವ್ಯತ್ಯಾಸ.

ಮೂರನೆಯ ಹೆಜ್ಜೆ: ಒಂದಕ್ಕೆ ಒಂದು ಜಗಳದ ಲೆಕ್ಕ

ಪ್ರತಿಯೊಬ್ಬನಿಗೂ ಒಂದು ಜಗಳದ ಅಂಕ ಕೊಡಿ. ದೊಡ್ಡವನಿಗೆ 36, ನಡುವಿನವನಿಗೆ 25, ಸಣ್ಣವನಿಗೆ 9. ಇಬ್ಬರ ಜಗಳದಲ್ಲಿ ಒಬ್ಬನ ಗೆಲುವಿನ ಸಾಧ್ಯತೆ ಎಂದರೆ ಅವನ ಅಂಕವನ್ನು ಇಬ್ಬರ ಒಟ್ಟು ಅಂಕದಿಂದ ಭಾಗಿಸಿದ್ದು. ದೊಡ್ಡವನ ಎದುರು ನಡುವಿನವನ ಗೆಲುವು 25 ಭಾಗಿಸು 61, ಅಂದರೆ ಶೇ. 41. ದೊಡ್ಡವನ ಎದುರು ಸಣ್ಣವನದ್ದು 9 ಭಾಗಿಸು 45, ಶೇ. 20.

ಕ್ಯಾಲ್ಕ್‌ನಲ್ಲಿ ಮೂರು ಸಾಲು, ಮೂರು ಕಂಬ ಮಾಡಿ ಎಲ್ಲ ಜೋಡಿಗಳ ಸಾಧ್ಯತೆ ತುಂಬಿಸಿ. ಐದು ನಿಮಿಷದ ಕೆಲಸ. ಈ ಅಂಕಗಳು ಎಲ್ಲಿಂದ ಬರುತ್ತವೆ ಅನ್ನುವುದು ಕೊನೆಗೆ, ತೋಟಕ್ಕೆ ಇಳಿದಾಗ ನೋಡೋಣ.

ನಾಲ್ಕನೆಯ ಹೆಜ್ಜೆ: ಎರಡು ಬಲ ಕೂಡುವುದು ಹೇಗೆ?

ಇಡೀ ಮಾದರಿಯ ಜೀವ ಇರುವುದು ಇಲ್ಲಿ. ಇಲ್ಲಿ ನಿಧಾನ ಮಾಡಿ.

ನಡುವಿನವ ಮತ್ತು ಸಣ್ಣವ ಸೇರಿದರೆ ಅವರ ಅಂಕ ಎಷ್ಟು? 25 ಕೂಡಿಸು 9, 34 ಅಂತ ತಕ್ಷಣ ಹೇಳಬಹುದು. ಹಾಗಾದರೆ 36ರ ದೊಡ್ಡವನ ಎದುರು ಅವರ ಗೆಲುವು ಶೇ. 49. ಆದರೆ ಬೇರೆ ರೀತಿಯಲ್ಲೂ ಕೂಡಿಸಬಹುದು. ಈ ಅಂಕಗಳು ನಿಜವಾದ ಮೈಬಲದ ವರ್ಗ ಅಂತ ಇಟ್ಟುಕೊಳ್ಳಿ. ಆಗ ಮೈಬಲ 6, 5, 3. ಸೇರಿದಾಗ 5 ಕೂಡಿಸು 3, 8. ಅದರ ವರ್ಗ 64. ಗೆಲುವು 64 ಭಾಗಿಸು 100, ಅಂದರೆ ಶೇ. 64. ಇನ್ನೂ ಮುಂದೆ ಹೋಗಿ, ಅಂಕ ಅಂದರೆ ಮೈಬಲದ ನಾಲ್ಕನೆಯ ಘಾತ ಅಂದುಕೊಳ್ಳಿ. ಆಗ ಮೈಬಲ ಸುಮಾರು 2.45, 2.24, 1.73. ಸೇರಿದವರ ಬಲ 3.97, ಅದರ ನಾಲ್ಕನೆಯ ಘಾತ ಸುಮಾರು 248. ಗೆಲುವು ಶೇ. 87.

ಗಮನಿಸಿದಿರಾ? ಮೂರೂ ಲೆಕ್ಕದಲ್ಲಿ ಒಂದಕ್ಕೆ ಒಂದು ಜಗಳದ ಫಲಿತಾಂಶ ಒಂದೇ. 36, 25, 9 ಬದಲಾಗಲೇ ಇಲ್ಲ. ಆದರೆ ಇಬ್ಬರು ಸೇರಿದಾಗ ಗೆಲುವು 49, 64, 87. ನೀವು ಎಷ್ಟೇ ಕಾಲ ಕೂತು ಒಂಟಿ ಜಗಳಗಳನ್ನು ಎಣಿಸಿದರೂ ಈ ಮೂರರಲ್ಲಿ ಯಾವುದು ನಿಜ ಅಂತ ಗೊತ್ತಾಗುವುದಿಲ್ಲ. ಇಬ್ಬರು ಸೇರಿ ಒಬ್ಬನ ಮೇಲೆ ಬೀಳುವುದನ್ನು ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಮೈತ್ರಿಯ ಮಾದರಿ ಕಟ್ಟುವವರು ಇದನ್ನು ಮೊದಲ ದಿನವೇ ತಲೆಯಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ಶ್ರಮ ಉಳಿಯುತ್ತದೆ.

ಈ ಘಾತಕ್ಕೆ ಅರ್ಥ ಏನು? ಬ್ರಿಟಿಷ್ ಇಂಜಿನಿಯರ್ ಫ್ರೆಡ್ರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಯುದ್ಧದ ಬಗ್ಗೆ ಬರೆದ ಎರಡು ನಿಯಮಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಸೈನಿಕರು ಒಬ್ಬರಿಗೆ ಒಬ್ಬರಂತೆ ಸರದಿಯಲ್ಲಿ ಹೊಡೆದಾಡಿದರೆ ಸೈನ್ಯದ ಬಲ ಸಂಖ್ಯೆಗೆ ತಕ್ಕಷ್ಟೇ ಏರುತ್ತದೆ. ಎಲ್ಲರೂ ಒಟ್ಟಿಗೆ ಒಬ್ಬನ ಮೇಲೆ ಬೀಳಲು ಸಾಧ್ಯವಾದರೆ ಬಲ ಸಂಖ್ಯೆಯ ವರ್ಗದಷ್ಟು ಏರುತ್ತದೆ. ಮೊದಲನೆಯದು ನಮ್ಮ ಘಾತ 1, ಎರಡನೆಯದು ಘಾತ 2. ಸಮಬಲದ ಇಬ್ಬರು ಸೇರಿ ಅಷ್ಟೇ ಬಲದ ಒಬ್ಬನನ್ನು ಎದುರಿಸಿದರೆ ಘಾತ 1ರಲ್ಲಿ ಗೆಲುವು ಶೇ. 67, ಘಾತ 2ರಲ್ಲಿ 80, ಘಾತ 4ರಲ್ಲಿ 94. ಲ್ಯಾಂಚೆಸ್ಟರ್‌ನ ನಿಯಮಗಳನ್ನು ಮುಂದೆ ಇರುವೆಗಳ ಯುದ್ಧಕ್ಕೂ ಚಿಂಪಾಂಜಿಗಳ ಗಡಿ ಜಗಳಕ್ಕೂ ಹಚ್ಚಿ ನೋಡಿದ್ದಾರೆ.

ಇಷ್ಟು ಗೊತ್ತಾದ ಮೇಲೆ ನಮ್ಮ ತೋಟ ನೋಡುವ ರೀತಿಯೇ ಬೇರೆ. ಅಡಿಕೆ ಮರ ಸಪೂರ. ಮೇಲೆ ಕೂತವನನ್ನು ಓಡಿಸಲು ಹೋದವರು ಒಬ್ಬರ ಹಿಂದೆ ಒಬ್ಬರು ಹತ್ತಬೇಕು. ಇಬ್ಬರಿದ್ದರೂ ಕೈಗೆ ಸಿಗುವುದು ಮುಂದಿರುವವನು ಮಾತ್ರ. ಅಂಗಳದಲ್ಲೋ ದೇವಸ್ಥಾನದ ಎದುರಿನ ಬಯಲಲ್ಲೋ ಆದರೆ ಒಬ್ಬ ಮುಂದಿನಿಂದ, ಒಬ್ಬ ಹಿಂದಿನಿಂದ ಬರಬಹುದು. ಹಾಗಾಗಿ ಮರದ ಮೇಲೆ ಘಾತ 1ರ ಹತ್ತಿರ, ನೆಲದ ಮೇಲೆ 2 ಅಥವಾ ಜಾಸ್ತಿ ಇರಬೇಕು ಅನ್ನುವುದು ನನ್ನ ಊಹೆ. ಘಾತ ಬರೀ ಪ್ರಾಣಿಯ ಗುಣ ಅಲ್ಲ, ಜಾಗದ ಗುಣವೂ ಹೌದು. ಇದು ನಮ್ಮ ಊರಲ್ಲೇ, ನಮ್ಮ ಮಕ್ಕಳೇ ಪರೀಕ್ಷಿಸಿ ನೋಡಬಹುದಾದ ಊಹೆ ಅನ್ನುವುದು ನನಗೆ ತುಂಬ ಖುಷಿ ಕೊಡುವ ವಿಷಯ.

ಐದನೆಯ ಹೆಜ್ಜೆ: ಗೆದ್ದರೆ ಸಾಕೇ? ಕೈಗೆ ಎಷ್ಟು ಬರುತ್ತದೆ?

ಕಾರೆಲ್ ವಾನ್ ಶೈಕ್, ಸಾಗರ್ ಪಂಡಿತ್ ಮತ್ತು ಎರಿನ್ ವೋಗೆಲ್ 2004ರಲ್ಲಿ ಗಂಡು ಪ್ರೈಮೇಟ್‌ಗಳ (ಮಂಗ, ಚಿಂಪಾಂಜಿಯಂಥ ಪ್ರಾಣಿಗಳ) ಕೂಟಗಳಿಗೆ ಒಂದು ಮಾದರಿ ಕೊಟ್ಟರು. ಅದರ ತಿರುಳು ಎರಡು ಪ್ರಶ್ನೆ. ಸೇರಿದರೆ ಗೆಲ್ಲಬಹುದೇ? ಗೆದ್ದರೆ ಸೇರಿದ ಪ್ರತಿಯೊಬ್ಬನಿಗೂ ಮೊದಲಿಗಿಂತ ಜಾಸ್ತಿ ಸಿಗುತ್ತದೆಯೇ? ಎರಡಕ್ಕೂ ಹೌದು ಅಂತ ಬಂದರೆ ಮಾತ್ರ ಕೂಟ ನಿಲ್ಲುತ್ತದೆ.

ನಮ್ಮ ಮೂವರಿಗೆ ಇದನ್ನು ಹಚ್ಚೋಣ. ಗೆಲುವಿನ ಬೆಲೆ 100 ಅಂಕ. ಜಗಳಕ್ಕೆ ಇಳಿದ ಪ್ರತಿಯೊಬ್ಬನಿಗೂ ಖರ್ಚು 15 ಅಂಕ: ಗಾಯ, ದಣಿವು, ಕಳೆದ ಸಮಯ. ಕೂಟ ಗೆದ್ದರೆ ಮೈಬಲಕ್ಕೆ ತಕ್ಕ ಪಾಲು.

ಒಂಟಿಯಾಗಿ ದೊಡ್ಡವನನ್ನು ಎದುರಿಸಿದರೆ ನಡುವಿನವನಿಗೆ 41 ಕಳೆ 15, ಅಂದರೆ 26 ಉಳಿಯುತ್ತದೆ. ಸಣ್ಣವನಿಗೆ 20 ಕಳೆ 15, ಬರೀ 5.

ಘಾತ 1 ಇದ್ದಾಗ (ಆಗ ಅಂಕವೇ ಮೈಬಲ, 25 ಮತ್ತು 9) ಸೇರಿದರೆ ನಡುವಿನವನಿಗೆ 21 ಉಳಿಯುತ್ತದೆ, ಸಣ್ಣವನಿಗೆ ಸೊನ್ನೆಗಿಂತ 2 ಕೆಳಗೆ. ಇಬ್ಬರಿಗೂ ನಷ್ಟ, ಕೂಟ ಇಲ್ಲ. ಘಾತ 4 ಇದ್ದಾಗ ನಡುವಿನವನಿಗೆ 34, ಸಣ್ಣವನಿಗೆ 23. ಇಬ್ಬರಿಗೂ ಲಾಭ, ಕೂಟ ಖಂಡಿತ. ಘಾತ 2ರಲ್ಲಿ ಏನಾಗುತ್ತದೆ ನೋಡಿ: ಗೆಲುವು 64, ಅದರಲ್ಲಿ ನಡುವಿನವನ ಪಾಲು ಎಂಟರಲ್ಲಿ ಐದು, ಅಂದರೆ 40. ಖರ್ಚು ಕಳೆದರೆ 25. ಒಂಟಿಯಾಗಿದ್ದರೆ 26 ಇತ್ತು ಅಲ್ವಾ? ಒಂದೇ ಒಂದು ಅಂಕದಿಂದ ಬೇಡ ಅನ್ನುತ್ತಾನೆ. ಸಣ್ಣವನಿಗೆ 9 ಸಿಗುತ್ತದೆ, 5ಕ್ಕಿಂತ ಜಾಸ್ತಿ, ಅವನು ತಯಾರು. ಸಣ್ಣವನಿಗೆ ಬೇಕು, ನಡುವಿನವನಿಗೆ ಬೇಡ.

ಹೀಗೆ ಅಂಚಿನಲ್ಲಿ ನಿಂತ ಜಾಗವೇ ಮಾದರಿಯಲ್ಲಿ ಎಲ್ಲಕ್ಕಿಂತ ರುಚಿಯಾದ ಜಾಗ, ಅಲ್ಲಿ ಸಣ್ಣ ಬದಲಾವಣೆಯೂ ಫಲಿತಾಂಶ ತಿರುಗಿಸುತ್ತದೆ. ಇಬ್ಬರಿದ್ದಾಗ ಗಾಯ ಹಂಚಿಹೋಗುತ್ತದೆ, ಖರ್ಚು 15ರ ಬದಲು 8 ಅಂತ ಹಾಕಿ ನೋಡಿ. ನಡುವಿನವನಿಗೆ 32, ಕೂಟ ಆಯಿತು. ಪಾಲು ಸಮಸಮ ಅಂತ ಹಾಕಿ. ಖರ್ಚು 15 ಇದ್ದರೆ ನಡುವಿನವನಿಗೆ 17, ಹತ್ತಿರವೂ ಬರುವುದಿಲ್ಲ. ಕ್ಯಾಲ್ಕ್‌ನಲ್ಲಿ ಖರ್ಚು, ಪಾಲು, ಘಾತ ಮೂರಕ್ಕೂ ಬೇರೆ ಬೇರೆ ಚೌಕ ಇಟ್ಟು ಒಂದೊಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಪಾಲಿನ ಬಗ್ಗೆ ಇನ್ನೊಂದು ಮಾತು. ಹಲಸಿನ ಹಣ್ಣನ್ನು ಇಬ್ಬರು ಹಂಚಿಕೊಳ್ಳಬಹುದು, ಬೆದೆಗೆ ಬಂದ ಹೆಣ್ಣನ್ನು ಹಂಚಲಾಗದು. ಕ್ರೇಗ್ ಪ್ಯಾಕರ್ 1977ರಲ್ಲಿ ಆಫ್ರಿಕಾದ ಗಂಡು ಬಬೂನ್ ಮಂಗಗಳ ಬಗ್ಗೆ ಬರೆದದ್ದು ಇಂಥ ಜಗಳಗಳನ್ನೇ. ಇಬ್ಬರು ಸೇರಿ ಮೂರನೆಯವನನ್ನು ಓಡಿಸುತ್ತಾರೆ, ಹೆಣ್ಣು ಸಾಮಾನ್ಯವಾಗಿ ಸಹಾಯ ಕೇಳಿದವನ ಪಾಲಾಗುತ್ತದೆ. ಸಹಾಯ ಮಾಡಿದವನಿಗೆ ಇನ್ನೊಂದು ದಿನ ಮರುಸಹಾಯ ಸಿಕ್ಕರೆ ಸಿಕ್ಕಿತು. ಇದು ಮರುಪಾವತಿಯೇ ಅಥವಾ ಪ್ರತಿಯೊಬ್ಬನೂ ತನ್ನ ಅದೃಷ್ಟ ನೋಡುತ್ತಿರುವುದೇ ಅನ್ನುವುದರ ಮೇಲೆ ಆಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಹಂಚಲಾಗದ ಗೆಲುವಿಗೆ ಮಾದರಿಯಲ್ಲಿ ಪಾಲಿನ ಬದಲು "ಯಾರಿಗೆ ಸಿಗುವ ಸಾಧ್ಯತೆ ಎಷ್ಟು" ಅಂತ ಹಾಕಬೇಕು. ಇನ್ನೊಂದು ತುದಿಯಲ್ಲಿ, ಆಹಾರ ಒಂದೇ ಕಡೆ ಗುಡ್ಡೆ ಬೀಳದೆ ಹರಡಿಕೊಂಡಿದ್ದರೆ ಗೆಲುವಿನ ಬೆಲೆಯೇ ಇಳಿಯುತ್ತದೆ. ತೃಕ್ಕರಿಪುರದ ಹತ್ತಿರ ಇಡಯಿಲಕ್ಕಾಡಿನ ಕಾವಿನಲ್ಲಿ (ದೇವರ ಕಾಡಿನಲ್ಲಿ) ಓಣಂ ಹೊತ್ತಿಗೆ ಮಂಗಗಳಿಗೆ ಎಲೆ ಹಾಕಿ ಊಟ ಬಡಿಸುವ ಪದ್ಧತಿ ಇದೆ, ಕೇಳಿರಬಹುದು. ಅಷ್ಟು ಎಲೆ ಇದ್ದಾಗ ಒಂದು ಎಲೆಗಾಗಿ 15 ಅಂಕ ಖರ್ಚು ಮಾಡುವುದಕ್ಕಿಂತ ಪಕ್ಕದ ಎಲೆಗೆ ಹೋಗುವುದು ಲೇಸು. ಬೆಲೆ 100ರ ಬದಲು 20 ಹಾಕಿ ನೋಡಿ, ಒಂಟಿ ಜಗಳವೂ ಇಲ್ಲ, ಕೂಟವೂ ಇಲ್ಲ.

ಆರನೆಯ ಹೆಜ್ಜೆ: ದೊಡ್ಡವ ಸುಮ್ಮನಿರುವುದಿಲ್ಲ

ಇಲ್ಲಿಯವರೆಗೆ ದೊಡ್ಡವನನ್ನು ಕಲ್ಲಿನ ಹಾಗೆ ಕೂರಿಸಿದ್ದೆವು. ಅವನಿಗೂ ಲೆಕ್ಕ ಮಾಡಲು ಬಿಡಿ. ಘಾತ 2ರಲ್ಲೇ ಇರೋಣ.

ದೊಡ್ಡವ ಸಣ್ಣವನನ್ನು ತನ್ನ ಕಡೆ ಎಳೆದುಕೊಂಡರೆ ಅವರ ಬಲ 9, ವರ್ಗ 81. ನಡುವಿನವನ ಎದುರು ಗೆಲುವು ಶೇ. 76. ಮೂರರಲ್ಲಿ ಎರಡು ಪಾಲು ಇಟ್ಟುಕೊಂಡರೆ ದೊಡ್ಡವನಿಗೆ 36 ಉಳಿಯುತ್ತದೆ. ಒಬ್ಬನೇ ನಡುವಿನವನನ್ನು ಎದುರಿಸಿದ್ದರೆ 44 ಉಳಿಯುತ್ತಿತ್ತು. ಹಾಗಾದರೆ ಸಣ್ಣವ ಅವನಿಗೆ ಯಾಕೆ ಬೇಕು? ಉಳಿದಿಬ್ಬರು ಸೇರುವ ಅಪಾಯ ಇದ್ದರೆ ಬೇಕು. ಅವರು ಸೇರಿದರೆ ದೊಡ್ಡವನಿಗೆ ಉಳಿಯುವುದು 36 ಕಳೆ 15, ಬರೀ 21. ಆ ಭಯ ಇರುವಷ್ಟು ಹೊತ್ತು ಸಣ್ಣವನಿಗೆ ಬೆಲೆ ಇದೆ. ಸಣ್ಣವನಿಗೆ ನಡುವಿನವನಿಂದ 9, ದೊಡ್ಡವನಿಂದ 10.5. ಕ್ಯಾಪ್ಲೋ ಹೇಳಿದ್ದು ಅಂಕಿಗಳಲ್ಲಿ ಮೂಡಿಬಂತು ನೋಡಿ.

ನೆದರ್‌ಲ್ಯಾಂಡ್ಸಿನ ಆರ್ನ್‌ಹೆಮ್ ಮೃಗಾಲಯದಲ್ಲಿ 1970ರ ದಶಕದಲ್ಲಿ ಫ್ರಾನ್ಸ್ ಡಿ ವಾಲ್ ಕಂಡದ್ದು ಇಂಥದ್ದನ್ನೇ. ಯೆರೂನ್ ಎಂಬ ಹಳೆಯ ನಾಯಕ ಚಿಂಪಾಂಜಿಯನ್ನು ಲೂಯಿಟ್ ಕೆಳಗಿಳಿಸಿತು. ಆಮೇಲೆ ಯೆರೂನ್ ಎಳೆಯ ನಿಕ್ಕಿಯ ಬೆನ್ನಿಗೆ ನಿಂತಿತು. ನಿಕ್ಕಿ ನಾಯಕನಾಯಿತು. ಮೂವರಲ್ಲಿ ಬಲದಲ್ಲಿ ಮುಂದಿದ್ದದ್ದು ಲೂಯಿಟ್. ಸ್ಥಾನ ಸಿಕ್ಕಿದ್ದು ಬೇರೆಯವನಿಗೆ.

ಏಳನೆಯ ಹೆಜ್ಜೆ: ರಕ್ತಸಂಬಂಧ

ಚಿಕ್ಕ ಹೆಜ್ಜೆ, ಆದರೆ ಬಿಡಬೇಡಿ. ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಹೇಳಿದ ನಿಯಮದ ಪ್ರಕಾರ ಸಂಬಂಧಿಯ ಲಾಭದಲ್ಲಿ ಒಂದು ಭಾಗ ನನ್ನದೂ ಹೌದು. ಒಡಹುಟ್ಟಿದವರಾದರೆ ಅರ್ಧ, ತಾಯಿ ಒಂದೇ ತಂದೆ ಬೇರೆ ಆದರೆ ಕಾಲು ಭಾಗ. ನಡುವಿನವ, ಸಣ್ಣವ ಒಂದೇ ತಾಯಿಯ ಮಕ್ಕಳು ಅಂತ ಇಟ್ಟುಕೊಳ್ಳಿ. ನಡುವಿನವನ 25ಕ್ಕೆ ಸಣ್ಣವನ 9ರ ಕಾಲು ಭಾಗ ಸೇರಿಸಿದರೆ 27.25. ಅವನೊಬ್ಬನೇ ಜಗಳಕ್ಕೆ ಇಳಿದು ಸಣ್ಣವ ಬದಿಯಲ್ಲಿ ಕೂತಿದ್ದರೆ 26. ಅಂಚಿನಲ್ಲಿದ್ದ ಕೂಟ ಇತ್ತ ವಾಲಿತು.

ಆದರೆ ಸಂಬಂಧ ಇದ್ದರೆ ಮಾತ್ರ ಮೈತ್ರಿ ಅಂತ ತಿಳಿಯಬೇಡಿ. ಆಫ್ರಿಕಾದ ಸಿಂಹಗಳ ಮೇಲೆ ಪ್ಯಾಕರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನದಲ್ಲಿ ಗಂಡುಗಳ ದೊಡ್ಡ ಕೂಟಗಳು ಸಂಬಂಧಿಗಳದ್ದೇ ಆಗಿದ್ದವು. ಅಂಥ ಕೂಟಗಳಲ್ಲಿ ಮರಿಗಳ ತಂದೆಯಾಗುವ ಅವಕಾಶ ಕೆಲವರಿಗೇ ಜಾಸ್ತಿ. ಎರಡು ಮೂರರ ಸಣ್ಣ ಕೂಟಗಳಲ್ಲಿ ಸಂಬಂಧ ಇಲ್ಲದವರೂ ಇದ್ದರು. ಪಾಲು ಸರಿಯಾಗಿ ಸಿಗುವಲ್ಲಿ ಹೊರಗಿನವನೂ ಸೇರಬಹುದು.

ಎಂಟನೆಯ ಹೆಜ್ಜೆ: ನೆನಪು, ದೊಡ್ಡ ಗುಂಪು, ಕಂಪ್ಯೂಟರ್

ಈಗ ಒಂದು ಜಗಳದಿಂದ ದೀರ್ಘ ಮೈತ್ರಿಗೆ ಬರೋಣ. ಸೆರ್ಗೆ ಗ್ಯಾವ್ರಿಲೆಟ್ಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ದಾರಿ ನನಗೆ ತುಂಬ ಹಿಡಿಸಿದ್ದು. ಅಲ್ಲಿ ಯಾರೂ ಕೂತು ಲಾಭ ನಷ್ಟ ಲೆಕ್ಕ ಮಾಡುವುದಿಲ್ಲ. ಪ್ರತಿಯೊಬ್ಬನಿಗೂ ಉಳಿದ ಪ್ರತಿಯೊಬ್ಬನ ಮೇಲೆ ಒಂದು ಒಲವಿನ ಅಂಕ ಇರುತ್ತದೆ, ಅಷ್ಟೆ. ಜಗಳ ನಡೆದಾಗ ನೋಡಿದವನು ಒಲವು ಜಾಸ್ತಿ ಇರುವವನ ಕಡೆ ಸೇರುತ್ತಾನೆ. ಗೆದ್ದರೆ ಜೊತೆಗಾರನ ಮೇಲೆ ಒಲವು ಏರುತ್ತದೆ. ಕಾಲ ಕಳೆದಂತೆ ಒಲವು ಇಳಿಯುತ್ತದೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುವವರು ಇದನ್ನು ಒಂದು ಸಂಜೆಯಲ್ಲಿ ಬರೆಯಬಹುದು. ಎಂಟು ಗಂಡುಗಳು ಅಂತ ಇಟ್ಟುಕೊಂಡು ಎಂಟು ಸಾಲು ಎಂಟು ಕಂಬದ ಒಲವಿನ ಕೋಷ್ಟಕ ಮಾಡಿ, ಎಲ್ಲ ಸೊನ್ನೆ. ಪ್ರತಿ ಸುತ್ತಲ್ಲಿ ಚೀಟಿ ಎತ್ತಿದ ಹಾಗೆ ಇಬ್ಬರನ್ನು ಆರಿಸಿ, ಅವರಿಗೆ ಜಗಳ. ಉಳಿದ ಆರರಲ್ಲಿ ಪ್ರತಿಯೊಬ್ಬನೂ ಜಗಳ ಗಮನಿಸುವ ಸಾಧ್ಯತೆ ಅರ್ಧ. ಗಮನಿಸಿದವನಿಗೆ ಒಬ್ಬನ ಮೇಲಿನ ಒಲವು ಇನ್ನೊಬ್ಬನಿಗಿಂತ ಸಾಕಷ್ಟು ಜಾಸ್ತಿ ಇದ್ದರೆ ಸೇರುತ್ತಾನೆ. ಶುರುವಿನಲ್ಲಿ ಎಲ್ಲ ಸೊನ್ನೆ ಇರುವುದರಿಂದ ಅಪರೂಪಕ್ಕೊಮ್ಮೆ ಸುಮ್ನೆ ಸೇರುವ ಸಣ್ಣ ಸಾಧ್ಯತೆಯನ್ನೂ ಇಡಿ, ಇಲ್ಲದಿದ್ದರೆ ಆಟ ಶುರುವೇ ಆಗುವುದಿಲ್ಲ. ನಾಲ್ಕನೆಯ ಹೆಜ್ಜೆಯ ಸೂತ್ರದಿಂದ ಎರಡೂ ಕಡೆಯ ಬಲ ಕೂಡಿಸಿ ಗೆಲುವು ತೀರ್ಮಾನಿಸಿ. ಒಟ್ಟಿಗೆ ಗೆದ್ದವರ ಪರಸ್ಪರ ಒಲವಿಗೆ 1 ಕೂಡಿಸಿ, ಒಟ್ಟಿಗೆ ಸೋತವರದ್ದಕ್ಕೆ ಅರ್ಧ ಕಳೆಯಿರಿ, ಎದುರಾಳಿಗಳ ನಡುವೆ 1 ಕಳೆಯಿರಿ. ಆಮೇಲೆ ಇಡೀ ಕೋಷ್ಟಕವನ್ನು 0.95ರಿಂದ ಗುಣಿಸಿ. ಅದು ಮರೆವು. ಸಾವಿರ ಸುತ್ತು ಓಡಿಸಿ.

ಆ 0.95ರ ಮೇಲೆ ಕಣ್ಣಿಡಿ. 0.95 ಇದ್ದರೆ ಸುಮಾರು 14 ಸುತ್ತಿನಲ್ಲಿ ಒಲವು ಅರ್ಧಕ್ಕೆ ಇಳಿಯುತ್ತದೆ. 0.99 ಇದ್ದರೆ 69 ಸುತ್ತು ಬೇಕು. ನೆನಪು ಗಿಡ್ಡವಾದರೆ ಒಂದು ಗೆಲುವಿನ ಒಲವು ಮುಂದಿನ ಜಗಳ ಬರುವಷ್ಟರಲ್ಲಿ ಕರಗಿಹೋಗುತ್ತದೆ. ಗಮನಿಸುವ ಸಾಧ್ಯತೆಯನ್ನೂ ಸ್ವಲ್ಪ ಸ್ವಲ್ಪವೇ ಏರಿಸಿ ನೋಡಿ. ಗ್ಯಾವ್ರಿಲೆಟ್ಸ್ ತಂಡ ತೋರಿಸಿದ್ದು ಇದನ್ನೇ: ಇಂಥ ಅಂಶಗಳು ಒಂದು ಮಟ್ಟ ದಾಟಿದಾಗ ಮೈತ್ರಿಗಳು ನಿಧಾನವಾಗಿ ಬಲಿಯುವುದಿಲ್ಲ, ಥಟ್ಟನೆ ಮೂಡುತ್ತವೆ. ನಿಮ್ಮ ಕೋಷ್ಟಕಕ್ಕೆ ಬಣ್ಣ ಹಚ್ಚಿ ಪರದೆಯಲ್ಲಿ ನೋಡಿದರೆ ಈ ತಿರುವು ಕಣ್ಣಿಗೇ ಕಾಣುತ್ತದೆ.

ಒಂಬತ್ತನೆಯ ಹೆಜ್ಜೆ: ತೋಟಕ್ಕೆ ಇಳಿಯುವುದು

ನಮ್ಮಲ್ಲಿ ಸಿಗುವ ಮಂಗ ಬಾನೆಟ್ ಮಕಾಕ್, ತಲೆಯ ಮೇಲೆ ಬೈತಲೆ ತೆಗೆದ ಟೊಪ್ಪಿಯಂಥ ಕೂದಲಿನದ್ದು. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಸಹಜವಾಗಿ ಇಲ್ಲ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಗಂಡುಗಳು ಸಾಮಾನ್ಯವಾಗಿ ಗುಂಪು ಬದಲಿಸುತ್ತವೆ. ಈ ಜಾತಿಯ ಗಂಡುಗಳ ಮೈತ್ರಿಯನ್ನು ಜೋನ್ ಸಿಲ್ಕ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. 1999ರಲ್ಲಿ ಅವರು ಪ್ರಕಟಿಸಿದ್ದು ಇದು: ಸಹಾಯಕ್ಕೆ ಕರೆಯುವ ಗಂಡು ತನಗಿಂತಲೂ ಎದುರಾಳಿಗಿಂತಲೂ ಮೇಲಿನ ಸ್ಥಾನದವನನ್ನೇ ಆರಿಸುತ್ತದೆ. ಅಂದರೆ ತನ್ನ ಸ್ಥಾನ ಮಾತ್ರವಲ್ಲ, ಉಳಿದಿಬ್ಬರಲ್ಲಿ ಯಾರು ಮೇಲೆ ಅನ್ನುವುದೂ ಅದಕ್ಕೆ ಗೊತ್ತು. ಬೆಂಗಳೂರಿನ ಅನಿಂದ್ಯ ಸಿನ್ಹಾ ಕಾಡಿನ ಬಾನೆಟ್ ಹೆಣ್ಣುಗಳಲ್ಲಿ, ಹೇನು ಹೆಕ್ಕುವಾಗ ಮೂವರ ನಡುವೆ ನಡೆಯುವ ವ್ಯವಹಾರವನ್ನು ನೋಡಿ 1998ರಲ್ಲಿ ಇಂಥದ್ದೇ ತಿಳಿವಳಿಕೆಯ ಬಗ್ಗೆ ಬರೆದಿದ್ದಾರೆ.

ಮೊದಲು ಗಂಡುಗಳನ್ನು ಗುರುತಿಸಲು ಕಲಿಯಿರಿ. ಹರಿದ ಕಿವಿ, ಮೋಟು ಬಾಲ, ತುಟಿಯ ಗಾಯ. ಇದು ಆಗದೆ ಮುಂದೆ ಹೋಗಬೇಡಿ. ಆಮೇಲೆ ಜೀನ್ ಆಲ್ಟ್‌ಮನ್ 1974ರಲ್ಲಿ ಕೊಟ್ಟ ಎಚ್ಚರಿಕೆ: ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುತ್ತಾ ಹೋದರೆ ಗಲಾಟೆಯ ಜಗಳಗಳೇ ಜಾಸ್ತಿ ದಾಖಲಾಗುತ್ತವೆ, ಮೆಲ್ಲಗೆ ಪಕ್ಕಕ್ಕೆ ಸರಿದದ್ದು ತಪ್ಪಿಹೋಗುತ್ತದೆ. ಅದಕ್ಕೆ ಒಂದು ಮಂಗ ಆರಿಸಿ ನಿಗದಿತ ಹೊತ್ತು ಅದನ್ನೇ ನೋಡಿ, ಆಮೇಲೆ ಇನ್ನೊಂದು.

ಅಂಕ ಕೊಡಲು ಚೆಸ್ ಆಟಗಾರರಿಗೆ ಆರ್ಪಾಡ್ ಈಲೋ ರೂಪಿಸಿದ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಎಲ್ಲರಿಗೂ 1000ದಿಂದ ಶುರು. ಸಮಾನ ಅಂಕದವರ ಜಗಳದಲ್ಲಿ ಗೆದ್ದವನಿಗೆ 50 ಕೂಡಿಸಿ, ಸೋತವನಿಂದ 50 ಕಳೆಯಿರಿ. ಈಗ 1050 ಮತ್ತು 950. ಸೂತ್ರದ ಪ್ರಕಾರ ಮೇಲಿನವನ ಗೆಲುವಿನ ನಿರೀಕ್ಷೆ ಶೇ. 64. ಅವನೇ ಮತ್ತೆ ಗೆದ್ದರೆ 36 ಅಂಕ ಮಾತ್ರ, ಕೆಳಗಿನವನು ಗೆದ್ದರೆ ಅವನಿಗೆ 64. ಹೀಗೆ ಪ್ರತಿಯೊಬ್ಬನಿಗೆ ಬಂದ ಒಟ್ಟು ಅಂಕವನ್ನು 400ರಿಂದ ಭಾಗಿಸಿ, ಬಂದದ್ದನ್ನು 10ರ ಘಾತವಾಗಿ ಹಾಕಿದರೆ ನಮ್ಮ ಮೂರನೆಯ ಹೆಜ್ಜೆಯ ಅಂಕ ಸಿಗುತ್ತದೆ. ಒಂಟಿ ಜಗಳಗಳನ್ನು ಮಾತ್ರ ಇದಕ್ಕೆ ಬಳಸಿ.

ಕೆಲವು ಕಟ್ಟುನಿಟ್ಟು. ಜಗಳ ನೋಡಲೆಂದು ತಿಂಡಿ ಎಸೆಯಬೇಡಿ. ಮಂಗಗಳ ಅಭ್ಯಾಸವೂ ಕೆಡುತ್ತದೆ, ನಿಮ್ಮ ಲೆಕ್ಕವೂ ಕೆಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವುಗಳಿಗೆ ರಕ್ಷಣೆ ಕೊಡುತ್ತದೆ, ಹಿಡಿಯುವುದು, ಗುರುತಿಗೆ ಬಣ್ಣ ಎರಚುವುದು ಬೇಡ. ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಅದು ಅವಕ್ಕೆ ಸವಾಲು. ಮಕ್ಕಳು ಒಬ್ಬೊಬ್ಬರೇ ಹೋಗಬಾರದು. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಉಣ್ಣಿ ಹುಳದಿಂದ ಹರಡುವ ಮಂಗನ ಕಾಯಿಲೆಯ ಸೂಚನೆ ಅದಾಗಿರಬಹುದು.

ಹತ್ತನೆಯ ಹೆಜ್ಜೆ: ಮಾದರಿಯನ್ನು ನೋಟ್‌ಬುಕ್ಕಿನ ಎದುರು ನಿಲ್ಲಿಸಿ

ಇಬ್ಬರು ಒಬ್ಬನ ಮೇಲೆ ಬಿದ್ದ ಪ್ರತಿ ಜಗಳಕ್ಕೂ ಒಂದು ಸಾಲು ಬರೆಯಿರಿ: ದಿನ, ಹೊತ್ತು, ಯಾರಿಬ್ಬರು, ಯಾರ ಮೇಲೆ, ಯಾರು ಕರೆದದ್ದು, ಗೆದ್ದದ್ದು ಯಾರು, ಯಾತಕ್ಕಾಗಿ. ಕೊನೆಯಲ್ಲಿ ಒಂದು ಕಂಬ: ಮರದಲ್ಲೋ ನೆಲದಲ್ಲೋ.

ಎಲ್ಲ ಜಗಳಗಳಿಗೂ ಒಂದೇ ತೂಕ ಇಲ್ಲ. ದೊಡ್ಡವ, ನಡುವಿನವ ಸೇರಿ ಸಣ್ಣವನ ಮೇಲೆ ಬಿದ್ದರೆ ಗೆಲುವು ಘಾತ 1ರಲ್ಲಿ ಶೇ. 87, 2ರಲ್ಲಿ 93, 4ರಲ್ಲಿ 98. ಮೂರೂ ಹತ್ತಿರ ಹತ್ತಿರ, ಅದರಿಂದ ಘಾತ ತಿಳಿಯುವುದು ಕಷ್ಟ. ದೊಡ್ಡವ, ಸಣ್ಣವ ಸೇರಿ ನಡುವಿನವನ ಮೇಲೆ ಬಿದ್ದರೆ 64, 76, 92. ಸ್ವಲ್ಪ ಉತ್ತಮ. ನಡುವಿನವ, ಸಣ್ಣವ ಸೇರಿ ದೊಡ್ಡವನ ಮೇಲೆ ಬಿದ್ದದ್ದೇ 49, 64, 87 ಅಂತ ದೂರ ದೂರ ನಿಲ್ಲುತ್ತದೆ. ಆದರೆ ಬಾನೆಟ್ ಗಂಡುಗಳು ಮೇಲಿನವರನ್ನೇ ಕರೆಯುವುದರಿಂದ ಈ ಮೂರನೆಯ ಬಗೆ ಅಪರೂಪಕ್ಕೆ ಕಾಣಸಿಗುತ್ತದೆ. ಒಂದು ಕಂಡರೆ ಮೂರು ಸಾಲು ಜಾಸ್ತಿಯೇ ಬರೆದುಕೊಳ್ಳಿ.

ಎಷ್ಟು ಜಗಳ ಬೇಕು? ಗೆಲುವಿನ ಸಾಧ್ಯತೆ ಅರ್ಧದ ಹತ್ತಿರ ಇದ್ದರೆ 10 ಜಗಳದ ಶೇಕಡಾವಾರಿನಲ್ಲಿ ಸುಮಾರು 16ರಷ್ಟು ಅಲುಗಾಟ ಇರುತ್ತದೆ, 100 ಜಗಳದಲ್ಲಿ 5ರಷ್ಟು. 49 ಮತ್ತು 87ರ ನಡುವೆ ಆರಿಸಲು ಇಪ್ಪತ್ತು ಜಗಳ ಒಂದು ಮಟ್ಟಿಗೆ ಸಾಕು. 49 ಮತ್ತು 64ರ ನಡುವೆ ಆರಿಸಲು ನೂರರ ಹತ್ತಿರ ಬೇಕು. ಒಬ್ಬರಿಂದ ಆಗದ ಕೆಲಸ. ಬದಿಯಡ್ಕದ ಒಂದು ಶಾಲೆ, ಮುಳ್ಳೇರಿಯದ ಒಂದು, ಪೆರ್ಲದ ಒಂದು ಶಾಲೆ ಒಂದೇ ರೀತಿಯ ಕೋಷ್ಟಕ ಇಟ್ಟರೆ ಒಂದು ವರ್ಷದೊಳಗೆ ಆದೀತು.

ಇನ್ನು ಯಾವ ಜೋಡಿ ನಿಜವಾಗಿ ಮಿತ್ರರು, ಯಾವುದು ಆಕಸ್ಮಿಕ ಅಂತ ನೋಡಲು ಸಹಾಯ ಮಾಡಿದವರ ಹೆಸರಿನ ಕಂಬವನ್ನು ಕಂಪ್ಯೂಟರ್‌ನಲ್ಲಿ ಕಲಸಿಬಿಡಿ, ಸಾವಿರ ಸಲ. ತನಗೆ ತಾನೇ ಸಹಾಯ ಮಾಡಿದ ಹಾಗೆ ಬಂದ ಸಾಲುಗಳನ್ನು ಮತ್ತೆ ಕಲಸಿ. ಮೋಟು ಬಾಲದವನು ಹರಿದ ಕಿವಿಯವನಿಗೆ ನಿಜದಲ್ಲಿ ಸಹಾಯ ಮಾಡಿದಷ್ಟು ಅಥವಾ ಅದಕ್ಕಿಂತ ಜಾಸ್ತಿ ಸಲ, ಕಲಸಿದ ಸಾವಿರದಲ್ಲಿ ಐವತ್ತಕ್ಕಿಂತ ಕಡಿಮೆ ಕಡೆ ಮಾತ್ರ ಬಂದರೆ ಆ ಜೋಡಿಯನ್ನು ಪ್ರತ್ಯೇಕ ಪುಟದಲ್ಲಿ ಬರೆದಿಡಿ. ಹಾಗೆ ಬರೆದಿಟ್ಟ ಜೋಡಿಗಳನ್ನು ಎಂಟನೆಯ ಹೆಜ್ಜೆಯ ಕೋಷ್ಟಕದ ಪಕ್ಕ ಇಟ್ಟು, ಯಾವ ಮರೆವಿನ ಅಂಕದಲ್ಲಿ ಎರಡೂ ಹತ್ತಿರ ಬರುತ್ತವೆ ಅಂತ ಹುಡುಕುವುದು ಮುಂದಿನ ಕೆಲಸ.